ಕಡುಬಿನ ಪಾತ್ರೆಗೆ ಇಳಿಯದ ಮೀನು

ಕಾರವಾರದಿಂದ ಭಟ್ಕಳದವರೆಗೆ ಯಾವ ಮನೆಯಲ್ಲೂ ಹಬೆಯಲ್ಲಿ ಬೇಯಿಸುವುದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಹಲಸಿನೆಲೆಯ ಕೊಟ್ಟೆ ಕಡುಬು, ನಾಗರಪಂಚಮಿಗೆ ಅರಿಶಿನೆಲೆಯ ಪಾತೋಳಿ, ಚೌತಿಗೆ ಮೋದಕ, ಸೌತೆಕಾಯಿ ರಾಶಿ ಬಿದ್ದಾಗ ಅದರ ಕಡುಬು, ವಾರಕ್ಕೆರಡು ದಿನ ಇಡ್ಲಿ. ಮೀನಿನ ವಿಷಯದಲ್ಲಂತೂ ಹೇಳುವುದೇ ಬೇಡ. ಬುಟ್ಟಿಯನ್ನು ದೂರದಿಂದ ನೋಡಿಯೇ ಇವತ್ತಿನದೋ ನಿನ್ನೆಯದೋ ಎಂದು ಹೇಳುವವರು ಮನೆಗೊಬ್ಬರು ಇರುತ್ತಾರೆ. ಆದರೂ ಇಡೀ ಮೀನೊಂದನ್ನು ಹಬೆಯಲ್ಲಿ ಬೇಯಿಸಿ ತಾಟಿನಲ್ಲಿ ತಂದಿಡುವ ಮನೆ ಹುಡುಕಿದರೂ ಸಿಗುವುದು ಕಷ್ಟ. ಮೀನು ಸಾರಾಗುತ್ತದೆ, ಸುಕ್ಕೆಯಾಗುತ್ತದೆ, ರವೆ ಹೊದ್ದು ಕಾವಲಿಗೆ ಬೀಳುತ್ತದೆ. ಹಬೆಯ ಕಡೆಗೆ ಮಾತ್ರ ಹೋಗುವುದಿಲ್ಲ. ಒಂದೇ ಒಲೆಯ ಮುಂದೆ ತಲೆಮಾರುಗಟ್ಟಲೆ ಕೂತ ಎರಡು ವಿದ್ಯೆಗಳಿಗೆ ಪರಸ್ಪರ ಪರಿಚಯವೇ ಆಗಲಿಲ್ಲವಲ್ಲ, ಯಾಕೆ?

ನನ್ನ ಅನುಮಾನ ಪಾತ್ರೆಯ ಮೇಲೆ. ಕಡುಬು ಬೇಯಿಸುವ ಪಾತ್ರೆ (ಕೊಂಕಣಿ ಮನೆಗಳಲ್ಲಿ ಪೇಡವಣ) ನೈವೇದ್ಯದ ಪಾತ್ರೆಯೂ ಹೌದು. ಪಂಚಮಿಗೆ ಪಾತೋಳಿ, ಚೌತಿಗೆ ಮೋದಕ ಬೆಂದು ದೇವರ ಮುಂದೆ ಹೋಗುವುದು ಅದರಿಂದಲೇ. ದಿನಾ ಮೀನು ತಿನ್ನುವ ಮನೆಯಲ್ಲೂ ಅದನ್ನು ಮೀನಿಗೆ ಮುಟ್ಟಿಸುವುದಿಲ್ಲ. ಮೀನಿನ ಮಣ್ಣಿನ ಗಡಿಗೆ ಬೇರೆ, ಮೀನಿನ ಕಾವಲಿ ಬೇರೆ, ಹಲವು ಮನೆಗಳಲ್ಲಿ ಅದರ ಸೌಟೂ ಬೇರೆ. ಮೀನಿನ ಹಬೆ ಪಾತ್ರೆ ಅಂತ ಒಂದು ಹುಟ್ಟಲೇ ಇಲ್ಲ. ಇದಕ್ಕೆ ದಾಖಲೆ ಕೇಳಬೇಡಿ, ಇದು ಅಡುಗೆಮನೆಯ ಅಟ್ಟ ನೋಡಿ ಮಾಡಿದ ಊಹೆ. ಆದರೆ ಮೀನಿಗೆಂದೇ ಒಂದು ಅಗಲ ಬಾಣಲೆ, ಗುಮ್ಮಟದ ಮುಚ್ಚಳ, ಸ್ಟೀಲ್ ತಾಟು ತೆಗೆದಿಟ್ಟರೆ ಕಡುಬಿನ ಹೆಂಗಸರು ಬಲ್ಲ ವಿದ್ಯೆಯಲ್ಲಿ ಮುಕ್ಕಾಲು ಪಾಲು ಮೀನಿಗೂ ಕೆಲಸ ಮಾಡುತ್ತದೆ. ಉಳಿದ ಕಾಲು ಪಾಲು ಪೂರ್ತಿ ದಾರಿ ತಪ್ಪಿಸುತ್ತದೆ, ಹೆಚ್ಚು ಹೇಳಬೇಕಾದದ್ದು ಅದರ ಬಗ್ಗೆಯೇ.

ಬೇರೆ ಊರುಗಳಲ್ಲಿ ಇದೇನು ಹೊಸದಲ್ಲ. ಕ್ಯಾಂಟನ್ ಕಡೆಯ ಚೀನೀಯರು ಇಡೀ ಮೀನನ್ನು ಶುಂಠಿ, ಈರುಳ್ಳಿ ಹಸಿರು ಸೊಪ್ಪಿನ ಜೊತೆ ಬೇಯಿಸಿ, ಮೇಲೆ ಸೋಯಾ ರಸ, ಕಾದ ಎಣ್ಣೆ ಸುರಿಯುತ್ತಾರೆ. ಪಾರ್ಸಿಗಳ ಪಾತ್ರಾನಿ ಮಚ್ಛಿಯಲ್ಲಿ ಪಾಂಪ್ಲೆಟ್ಟಿಗೆ ಕೊತ್ತಂಬರಿ ಮತ್ತು ಕಾಯಿಯ ಹಸಿರು ಚಟ್ನಿ ಮೆತ್ತಿ ಬಾಳೆಯೆಲೆಯಲ್ಲಿ ಸುತ್ತುತ್ತಾರೆ. ಬಂಗಾಳಿಗಳು ಇಲಿಶ್ ತುಂಡಿಗೆ ಸಾಸಿವೆ ಅರೆದು ಹಚ್ಚುತ್ತಾರೆ. ಈ ಮೂರರಲ್ಲಿ ಮೀನನ್ನು ಹೆಚ್ಚು ಬೆತ್ತಲೆ ಬಿಡುವುದು ಮೊದಲನೆಯದು, ಇಲ್ಲಿ ಹೇಳುತ್ತಿರುವುದೂ ಆ ದಾರಿಯನ್ನೇ. ಸೋಯಾ ಬದಲು ಮುರುಗಲು (ಕೋಕಂ), ಅವರ ಎಣ್ಣೆಯ ಬದಲು ನಮ್ಮ ತೆಂಗಿನೆಣ್ಣೆ, ಜೊತೆಗೆ ನಾಲ್ಕು ತಿರ್ಫಳ. ಅಂದ ಹಾಗೆ, ನಾವು ಬಂಗಡೆ ಸಾರಿಗೆ ಜಜ್ಜಿ ಹಾಕುವ ತಿರ್ಫಳ (ಕನ್ನಡದಲ್ಲಿ ಜುಮ್ಮನಕಾಯಿ) ಚೀನೀಯರ ಸಿಚುವಾನ್ ಮೆಣಸಿನ ಕುಲದ್ದೇ, ಎರಡೂ ಝಾಂತೋಝೈಲಮ್. ನಾಲಿಗೆ ಜುಂ ಎನ್ನುವುದೂ ಎರಡಕ್ಕೂ ಸಮಾನ.

ಮೀನು ಮಾರುವವಳ ಒಂದು ಮಾತು

ಕಾರವಾರದ ಮೀನು ಮಾರುಕಟ್ಟೆ, ಬೆಳಗಿನ ಹೊತ್ತು. ಬುಟ್ಟಿ ಮುಂದಿಟ್ಟುಕೊಂಡು ಮೆಟ್ಟುಗತ್ತಿಯ ಮೇಲೆ ಕಾಲು ಒತ್ತಿ ಕೂತ ಹೆಂಗಸು, ಎದುರಿಗೆ ನಿಂತ ಗಿರಾಕಿ ಆರಿಸಿದ ಪಾಂಪ್ಲೆಟ್ ಕೈಗೆತ್ತಿಕೊಂಡಿದ್ದಾಳೆ.

“ಅಕ್ಕಾ, ತುಂಡು ಮಾಡೂದು ಬೇಡ. ಇಡೀ ಇರ್ಲಿ.”

“ಇಡೀದೇ ಕರೀತ್ರಾ? ಒಳಗೆ ಬೇಯೂದಿಲ್ಲ ಮತ್ತೆ.”

“ಕರಿಯೂದಲ್ಲ. ಹಬೆ ಕೊಡೂದು.”

“ಹಬೆಗಾ?” ಕತ್ತಿಯ ಮೇಲಿದ್ದ ಮೀನನ್ನು ಹಾಗೇ ಬುಟ್ಟಿಗೆ ವಾಪಸ್ ಹಾಕಿ, ಗೋಣಿಯ ಅಡಿ ಮಂಜುಗಡ್ಡೆಯಲ್ಲಿದ್ದ ಇನ್ನೊಂದನ್ನು ತೆಗೆದಳು. “ಹಂಗಾದ್ರೆ ಅದು ಬೇಡ ತಗಳಿ. ಅದು ನಿನ್ನೇದು. ಸಾರಿಗೆ ನಡೀತದೆ.”

ಆ ಹೆಂಗಸು ಹಬೆಯ ಮೀನು ತಿಂದವಳಲ್ಲದಿರಬಹುದು, ಆದರೆ ವಿಷಯ ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು. ಸಾರಿನಲ್ಲಿ ಮೆಣಸು, ಕಾಯಿ, ಹುಳಿ ಸೇರಿ ನಿನ್ನೆಯ ಮೀನನ್ನು ಇವತ್ತಿನ ಸಾಲಿನಲ್ಲಿ ಕೂರಿಸುತ್ತವೆ. ಹಬೆಯಲ್ಲಿ ಕೂರಿಸುವವರು ಯಾರೂ ಇಲ್ಲ. ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೀನ್ ಮಾಡುತ್ತವೆ, ನಾವು ಮೂಗು ಮುರಿಯುವ ‘ಮೀನು ವಾಸನೆ’ ಹೆಚ್ಚಾಗಿ ಅದರದ್ದು. ಹುಳಿ ಬಿದ್ದರೆ ಅದು ಹಾರುವ ಗುಣ ಕಳೆದುಕೊಳ್ಳುತ್ತದೆ, ಅದಕ್ಕೇ ಮೀನಿಗೆ ಎಲ್ಲ ಊರಲ್ಲೂ ಹುಳಿ ಜೊತೆ. ಹೊಳೆಮೀನಿನಲ್ಲಿ ಈ ವಸ್ತು ತೀರಾ ಕಡಿಮೆ, ಬದಲಿಗೆ ಕೆಲವಕ್ಕೆ ಕೆಸರಿನ ವಾಸನೆ ಇರುತ್ತದೆ.

ಹಾಗಾಗಿ ಅಡುಗೆಯ ಅರ್ಧ ಮಾರುಕಟ್ಟೆಯಲ್ಲೇ ಮುಗಿಯಬೇಕು. ಕಣ್ಣು ಉಬ್ಬಿ, ತಿಳಿಯಾಗಿರಬೇಕು. ಗುಳಿ ಬಿದ್ದು ಮಸುಕಾದರೆ ಬಿಡಿ. ಕಿವಿರು ಎತ್ತಿ ನೋಡಿದರೆ ಕೆಂಪು, ಕಂದು ಅಲ್ಲ. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಏಳಬೇಕು. ಹೊಟ್ಟೆ ಗಟ್ಟಿ ಇರಬೇಕು, ಒಡೆದು ಸೋರುವ ಹೊಟ್ಟೆ ಎಷ್ಟು ಅಗ್ಗವಾದರೂ ಹಬೆಗೆ ಬೇಡ. ಮೈಮೇಲಿನ ಲೋಳೆ ಪಾರದರ್ಶಕವಾಗಿದ್ದರೆ ಒಳ್ಳೆಯದು, ಹಾಲಿನಂತೆ ಬೆಳ್ಳಗಾಗಿದ್ದರೆ ಹೊತ್ತು ಮೀರಿದೆ.

ಯಾವ ಮೀನು

ಕೊಬ್ಬು ಕಡಿಮೆ, ಮಾಂಸ ಬಿಳಿ, ಮುಳ್ಳು ದೊಡ್ಡದು ಮತ್ತು ಎಣಿಕೆಗೆ ಸಿಗುವಷ್ಟು. ಈ ಮೂರೂ ಇದ್ದ ಮೀನು ಹಬೆಗೆ ಹೊಂದುತ್ತದೆ. ಬಿಳಿ ಪಾಂಪ್ಲೆಟ್ ಮೊದಲು, ಕಾರಣ ರುಚಿಗಿಂತ ಹೆಚ್ಚಾಗಿ ಆಕಾರ. ಚಪ್ಪಟೆ ಮೈ ತಾಟಿನಲ್ಲಿ ಒಂದೇ ದಪ್ಪದಲ್ಲಿ ಮಲಗುತ್ತದೆ, ತಲೆಯ ಹತ್ತಿರವೂ ಬಾಲದ ಹತ್ತಿರವೂ ಹೆಚ್ಚುಕಡಿಮೆ ಒಟ್ಟಿಗೇ ಬೇಯುತ್ತದೆ. ಮೊದಲ ಸಲ ಮಾಡುವವರು 400ರಿಂದ 500 ಗ್ರಾಮಿನ ಒಂದು ಪಾಂಪ್ಲೆಟ್ ಹಿಡಿದರೆ ಸೋಲುವುದು ಕಷ್ಟ. ರುಚಿಗೆ ಕೇಳಿದರೆ ನನ್ನ ಓಟು ಚೋಣಕ್‌ಗೆ (ಸೀ ಬಾಸ್). ಕಾಳಿ, ಗಂಗಾವಳಿ, ಅಘನಾಶಿನಿ ಸಮುದ್ರ ಸೇರುವಲ್ಲಿ, ಸಿಹಿನೀರು ಉಪ್ಪುನೀರು ಎರಡರಲ್ಲೂ ಓಡಾಡುವ ಮೀನು; ಮಾಂಸ ದಪ್ಪ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಸಮುದ್ರದ ಪಂಜರಗಳಲ್ಲಿ ಸಾಕಿ ತೋರಿಸಿದ್ದೂ ಇದೇ ಮೀನನ್ನು. ಕೆಂಪು ತಾಂಬೋಶಿಯೂ (ರೆಡ್ ಸ್ನ್ಯಾಪರ್) ಒಳ್ಳೆಯದು, ಚರ್ಮ ಸ್ವಲ್ಪ ದಪ್ಪ. ನೋಗ್ಲಿ (ಕಾಣೆ ಮೀನು) ಚಿಕ್ಕದಾದರೂ ಅಷ್ಟು ನಾಜೂಕಿನ ಮಾಂಸ ಇನ್ನೊಂದಿಲ್ಲ. ನಾಲ್ಕು ನೋಗ್ಲಿ ಅಕ್ಕಪಕ್ಕ ಮಲಗಿಸಿದರೆ ಐದು ನಿಮಿಷದ ಕೆಲಸ.

ಇಸವಣ (ಅಂಜಲ್) ಇಡಿಯಾಗಿ ಮನೆಯ ಯಾವ ಪಾತ್ರೆಗೂ ಹಿಡಿಯುವುದಿಲ್ಲ, ತುಂಡು ಮಾಡಿದರೆ ಹಬೆಯಲ್ಲಿ ಒಣಗುತ್ತದೆ. ಅದರ ಜಾಗ ಕಾವಲಿ. ಬಂಗಡೆ, ತಾರ್ಲೆ (ಬೂತಾಯಿ) ಎಣ್ಣೆ ಮೀನುಗಳು. ಹಬೆಯಲ್ಲಿ ಅವುಗಳ ಎಣ್ಣೆಯ ವಾಸನೆ ಹೋಗುವ ದಾರಿ ಕಾಣದೆ ಅಲ್ಲೇ ಉಳಿಯುತ್ತದೆ. ಬಂಗಡೆಗೆ ಕಾರದ ಮಸಾಲೆ ಮೆತ್ತಿ ಅರಿಶಿನೆಲೆಯಲ್ಲಿ ಸುತ್ತಿ ಬೇಯಿಸಿದರೆ ಚೆನ್ನಾಗಿರುತ್ತದೆ, ಆದರೆ ಅದು ಬೇರೆಯದೇ ಅಡುಗೆ. ಬಂಗಡೆಯಲ್ಲಿ ಇನ್ನೊಂದು ಎಚ್ಚರ ಬೇಕು. ಮಂಜಿಲ್ಲದೆ ಬಿಸಿಲಲ್ಲಿ ಉಳಿದ ಬಂಗಡೆಯಲ್ಲಿ ಹಿಸ್ಟಮೀನ್ ಹುಟ್ಟುತ್ತದೆ, ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸುತ್ತದೆ. ಎಷ್ಟು ಬೇಯಿಸಿದರೂ ಹಿಸ್ಟಮೀನ್ ಹೋಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಮಾರುಕಟ್ಟೆಗೆ ಬರುವ ಪಾಂಪ್ಲೆಟ್ ಹೆಚ್ಚಿನಂಶ ಶೀತಲಗೃಹದ್ದು. ಆಗ ಅಳಿವೆಯಲ್ಲಿ ಗಾಳಕ್ಕೋ ಬಲೆಗೋ ಸಿಕ್ಕ ಚೋಣಕ್, ಶೇವಟೆ (ಮಲ್ಲೆಟ್) ನೋಡುವುದು ಲೇಸು. ಶಿರಸಿಯವರ ಪಾಡು ವರ್ಷವಿಡೀ ಬೇರೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುವ ಮೀನು ಮಂಜಿನ ಮೇಲೆಯೇ ಬರಬೇಕು. ಎತ್ತರದಿಂದ ಆಗುವ ವ್ಯತ್ಯಾಸ ಅಲ್ಪ (ಸುಮಾರು 600 ಮೀಟರ್ ಎತ್ತರದಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ, ಅಡುಗೆಗೆ ಅರ್ಧ ನಿಮಿಷ ಜಾಸ್ತಿ ಅಷ್ಟೇ), ಮಂಜು ಕರಗಿದ ನೀರಲ್ಲಿ ಮೀನು ನೆನೆಯುತ್ತ ಬಂತೇ ಇಲ್ಲವೇ ಎಂಬುದು ದೊಡ್ಡ ವ್ಯತ್ಯಾಸ.

ತೊಳೆಯುವುದು, ಸೀಳುವುದು

ಮೀನು ಕೊಯ್ಯುವವರಿಗೆ ಸಾರಿನ ರೂಢಿ ಇರುತ್ತದೆ, ಹೇಳದಿದ್ದರೆ ತಲೆ ಬೇರೆ ಮಾಡಿಯೇ ಕೊಡುತ್ತಾರೆ. ತಲೆ, ಬಾಲ ಇರಲಿ. ಹುರುಪೆ, ಕಿವಿರು, ಹೊಟ್ಟೆಯೊಳಗಿನದು ಹೋಗಲಿ. ಕಿವಿರು ಉಳಿದರೆ ಅದರ ರಕ್ತದ ಕಹಿ ತಾಟಿಗೆಲ್ಲ ಇಳಿಯುತ್ತದೆ. ಪಾಂಪ್ಲೆಟ್ಟಿನ ಹೊಟ್ಟೆ ಪೂರ್ತಿ ಸೀಳುವುದು ಬೇಡ, ಕಿವಿರಿನ ಕೆಳಗೆ ಎರಡು ಬೆರಳು ಹೋಗುವಷ್ಟು ಸೀಳಿದರೆ ಎಲ್ಲ ಅಲ್ಲಿಂದಲೇ ಬರುತ್ತದೆ.

ಮನೆಗೆ ತಂದ ಮೇಲೆ ಮಾಡುವ ಕೆಲಸ ಒಂದೇ, ಅದನ್ನೇ ಹೆಚ್ಚಿನವರು ಬಿಡುವುದು. ಹೊಟ್ಟೆಯೊಳಗೆ ಬೆನ್ನುಮೂಳೆಗೆ ಅಂಟಿಕೊಂಡು ಕಪ್ಪುಗೆಂಪಿನ ಒಂದು ಗೆರೆ ಇರುತ್ತದೆ, ಮೀನಿನ ಮೂತ್ರಪಿಂಡ ಅದು. ಮೇಲೆ ತೆಳು ಪೊರೆ. ಚೂರಿಯ ತುದಿಯಿಂದ ಪೊರೆ ಸೀಳಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಕೆಲವು ಮೀನಿನ ಹೊಟ್ಟೆಗೆ ಒಳಗಿಂದ ಕಪ್ಪು ಪೊರೆ ಹೊದೆಸಿದಂತಿರುತ್ತದೆ, ಅದನ್ನೂ ತಿಕ್ಕಿ ತೆಗೆಯಿರಿ. ಮೀನು ತಾಜಾ ಇದ್ದರೂ ಹಬೆಯಲ್ಲಿ ನಾತ ಬಂತು ಎನ್ನುವವರು ಹೆಚ್ಚಾಗಿ ಈ ಗೆರೆ ಉಳಿಸಿಕೊಂಡವರು. ತೊಳೆದ ಮೇಲೆ ನೀರಲ್ಲಿ ನೆನೆಹಾಕಬೇಡಿ. ಬಟ್ಟೆಯಿಂದ ಹೊರಗೂ ಹೊಟ್ಟೆಯ ಒಳಗೂ ಒತ್ತಿ ಒರೆಸಿ.

ಮೈಯ ದಪ್ಪ ಭಾಗದಲ್ಲಿ ಎರಡೂ ಬದಿ ಎರಡೋ ಮೂರೋ ಓರೆ ಗೀರು, ಮೂಳೆ ತಾಗುವವರೆಗೆ. ಕಾವಲಿಯ ಮೀನಿಗೆ ಗೀರುವುದು ಮಸಾಲೆ ಇಳಿಯಲೆಂದು, ಇಲ್ಲಿ ದಪ್ಪ ಮಾಂಸವೂ ತೆಳು ಮಾಂಸವೂ ಒಟ್ಟಿಗೆ ಬೇಯಲೆಂದು. ಅರ್ಧ ಕೇಜಿ ಮೀನಿಗೆ ಉಪ್ಪು ಒಂದು ಸಪಾಟ ಚಮಚ, ಸುಮಾರು 5 ಗ್ರಾಂ. ಹಬೆಗೆ ಇಡುವ ಹತ್ತು ನಿಮಿಷ ಮೊದಲು ಸವರಿದರೆ ಸಾಕು. ಅರ್ಧ ಗಂಟೆ ಬಿಟ್ಟರೆ ನೀರು ಬಿಟ್ಟು ಮಾಂಸ ಬಿಗಿಯುತ್ತದೆ.

ಇನ್ನು ಅಭ್ಯಾಸದ ಎರಡು ಕೈ ತಡೆಯಬೇಕು. ಮೊದಲನೆಯದು ಅರಿಶಿನ. ಉಪ್ಪು ತೆಗೆದುಕೊಂಡ ಕೈ ತಾನಾಗಿ ಅರಿಶಿನದ ಡಬ್ಬಕ್ಕೆ ಹೋಗುತ್ತದೆ. ಅರಿಶಿನದ ಹಸಿ ವಾಸನೆ ಹೋಗಲು ಎಣ್ಣೆ ಬೇಕು, ಹಬೆಯಲ್ಲಿ ಅದು ಹಸಿಯಾಗಿಯೇ ಉಳಿದು ಕಹಿಯಾಗುತ್ತದೆ. ಬೆಳ್ಳುಳ್ಳಿಗೂ ಅದೇ ಮಾತು. ಬೇಕಿದ್ದರೆ ಕೊನೆಗೆ ಎಣ್ಣೆಯಲ್ಲಿ ಹಾಕಿ. ಎರಡನೆಯದು ನಿಂಬೆಹುಳಿ. ಮೊದಲೇ ಹಿಂಡಿ ಇಟ್ಟರೆ ಹುಳಿಯೇ ಮೀನನ್ನು ಬೇಯಿಸತೊಡಗುತ್ತದೆ, ಮೇಲ್ಮೈ ಬೆಳ್ಳಗಾಗಿ ಸುಣ್ಣದಂತೆ ಪುಡಿಯಾಗುತ್ತದೆ. ಹುಳಿ ಏನಿದ್ದರೂ ಬೆಂದ ಮೇಲೆ.

ಪಾತ್ರೆ ಮತ್ತು ನಾಣ್ಯ

ಕಡುಬಿನವರಿಂದ ಕಲಿಯುವ ಭಾಗ ಇದು. ಪಾತೋಳಿಯ ದಿನದ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಒಲೆಯ ಮೇಲೆ ಪಾತ್ರೆ, ಒಳಗೆ ನೀರಿನಲ್ಲಿ ಒಂದು ನಾಣ್ಯ ಟಿಣಿಟಿಣಿ ಕುಣಿಯುತ್ತಿದೆ. ಅಜ್ಜಿ ಆ ಕಡೆ ಬೆನ್ನು ಹಾಕಿ ಅರಿಶಿನೆಲೆಗೆ ಹಿಟ್ಟು ಸವರುತ್ತ, ಮಗ್ಗುಲಲ್ಲಿದ್ದವರೊಡನೆ ಊರ ಸುದ್ದಿಯಲ್ಲಿದ್ದಾರೆ. ಸದ್ದು ನಿಧಾನವಾಗುತ್ತದೆ, ತಿರುಗಿಯೂ ನೋಡದೆ “ಏ ಕೂಸೇ, ಬಿಸಿನೀರು ಹೊಯ್ಯೇ” ಅನ್ನುತ್ತಾರೆ. ಮುಚ್ಚಳ ತೆಗೆದು ನೋಡುವ ಅಗತ್ಯವೇ ಇಲ್ಲ. ಹೊಯ್ಯುವುದು ಬಿಸಿನೀರೇ, ತಣ್ಣೀರು ಹೊಯ್ದರೆ ಹಬೆ ಸತ್ತುಹೋಗುತ್ತದೆ. ಮುಚ್ಚಳಕ್ಕೆ ಒಳಗಿಂದ ಹಳೆಯ ಪಂಚೆಯ ತುಂಡು ಕಟ್ಟಿರುತ್ತಾರೆ, ಹನಿ ಕಡುಬಿನ ಮೇಲೆ ಬೀಳದಿರಲೆಂದು.

ನಾಣ್ಯ, ಬಟ್ಟೆ, ಮುಚ್ಚಳ ತೆಗೆಯದಿರುವ ಶಿಸ್ತು, ನೀರು ಭರ್ಜರಿ ಕುದಿ ಬಂದ ಮೇಲೆಯೇ ಒಳಗಿಡುವುದು, ಇಷ್ಟನ್ನೂ ಮೀನಿಗೆ ಹಾಗೆಯೇ ತನ್ನಿ. ಅಗಲ ಬಾಣಲೆಗೆ ಒಂದೂವರೆ ಲೀಟರ್ ನೀರು. ನಡುವೆ ಬೋರಲು ಹಾಕಿದ ಗಟ್ಟಿ ಬಟ್ಟಲು ಅಥವಾ ಸ್ಟೀಲಿನ ಸಿಂಬಿ, ಅದರ ಮೇಲೆ ತಾಟು. ತಾಟಿಗೂ ನೀರಿಗೂ ಮೂರು ಬೆರಳಿನ ಅಂತರ ಇರಬೇಕು, ಇಲ್ಲದಿದ್ದರೆ ಕುದಿಯುವ ನೀರು ಹಾರಿ ತಾಟಿಗೆ ಬೀಳುತ್ತದೆ. ತಾಟಿನ ಅಂಚಿಗೂ ಪಾತ್ರೆಯ ಗೋಡೆಗೂ ನಡುವೆ ಸುತ್ತಲೂ ಒಂದು ಹೆಬ್ಬೆರಳು ಜಾಗ. ಪಾತ್ರೆಗೆ ಸರಿಯಾಗಿ ಕೂರುವ ತಾಟು ಸಿಕ್ಕಿತೆಂದು ಖುಷಿಪಡುವವರು ಇಲ್ಲೇ ಎಡವುವುದು: ಹಬೆಗೆ ಮೇಲೆ ಬರಲು ದಾರಿಯೇ ಇಲ್ಲ, ಅಡಿ ಕಾಯುತ್ತದೆ, ಮೇಲೆ ಹಸಿ. ಇಡ್ಲಿ ಅಟ್ಟಕ್ಕೆ ತೂತುಗಳಿವೆ, ತಾಟಿಗೆ ಇಲ್ಲ. ತಾಟಿನ ಅಂಚು ಒಂದಿಂಚಾದರೂ ಎತ್ತರವಿರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಪಿಂಗಾಣಿ ತಾಟು ಚೆಂದ ಕಾಣುತ್ತದೆ, ಆದರೆ ಕಾಯಲು ಹೊತ್ತು ತಿನ್ನುತ್ತದೆ. ಅದನ್ನೇ ಬಳಸುವುದಿದ್ದರೆ ಮೊದಲು ಹಬೆಯಲ್ಲಿ ಖಾಲಿ ಇಟ್ಟು ಬಿಸಿ ಮಾಡಿ. ದೊಡ್ಡ ಕುಕ್ಕರೂ ಆಗುತ್ತದೆ, ವೇಟ್ ಹಾಕಬಾರದು ಅಷ್ಟೇ. ವೇಟ್ ಹಾಕಿದರೆ ಒಳಗೆ ಸುಮಾರು 120 ಡಿಗ್ರಿ, ಮೀನು ನಾರಾಗುತ್ತದೆ.

ಏಳುನೂರು ಗ್ರಾಮಿನ ಚೋಣಕ್ ಮೊಳದುದ್ದ ಬರುವುದರಿಂದ ತಾಟಿಗೆ ಹಿಡಿಯುವುದಿಲ್ಲ. ನಡುವೆ ಅಡ್ಡ ಕೊಯ್ದು ಎರಡು ತುಂಡನ್ನೂ ಪಕ್ಕಪಕ್ಕ ಇಡಿ, ಬಡಿಸುವಾಗ ಜೋಡಿಸಿ ಕೊಯ್ದ ಜಾಗದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿದರೆ ಯಾರೂ ಕೇಳುವುದಿಲ್ಲ.

ಮೀನು ತಾಟಿಗೆ ನೇರ ಅಂಟಬಾರದು. ಬಾಳೆಯೆಲೆಯ ನಡುದಂಟನ್ನು ಗೇಣುದ್ದ ಎರಡು ತುಂಡು ಮಾಡಿ ಹಳಿಯಂತೆ ಇಟ್ಟು ಅದರ ಮೇಲೆ ಮೀನು ಮಲಗಿಸಿ. ಅಡಿಯಿಂದಲೂ ಹಬೆ ಹಾಯುತ್ತದೆ, ಮೀನು ತನ್ನದೇ ನೀರಿನಲ್ಲಿ ನೆನೆಯುವುದೂ ತಪ್ಪುತ್ತದೆ. ಮಜ್ಜಿಗೆ ಹುಲ್ಲಿನ ಬುಡದ ದಂಟು ಸಿಕ್ಕಿದರೆ ಹಳಿಯೂ ಆಯಿತು, ಪರಿಮಳವೂ ಆಯಿತು. ಹೆಬ್ಬೆರಳುದ್ದದ ಎರಡು ಶುಂಠಿಯಲ್ಲಿ ಒಂದನ್ನು ದಪ್ಪ ಬಿಲ್ಲೆ ಮಾಡಿ ಅರ್ಧ ಹೊಟ್ಟೆಯೊಳಗೆ, ಅರ್ಧ ಅಡಿಗೆ. ಇನ್ನೊಂದು ಕೊನೆಗೆ ಬೇಕು, ಎತ್ತಿಡಿ. ಉದ್ದ ಸೀಳಿದ ಎರಡು ಹಸಿಮೆಣಸು ಮೈಮೇಲೆ. ಮಳೆಗಾಲವಾಗಿದ್ದು ಹಿತ್ತಲಲ್ಲಿ ಅರಿಶಿನೆಲೆ ಇದ್ದರೆ ಒಂದೇ ಒಂದು, ಅದೂ ಅಡಿಗೆ ಹಾಸಿ. ಮೇಲೆ ಹೊದೆಸಿದರೆ ಪಾತೋಳಿಯ ಪರಿಮಳ ಬರುತ್ತದೆ, ಮೀನು ಕಾಣೆಯಾಗುತ್ತದೆ.

ಕಡುಬಿನ ಗಡಿಯಾರ ಇಲ್ಲಿ ನಡೆಯುವುದಿಲ್ಲ

ಕಡುಬು ಇಪ್ಪತ್ತು ನಿಮಿಷಕ್ಕೆ ಬೆಂದಿದ್ದರೂ ಮೂವತ್ತು ನಿಮಿಷ ಬಿಟ್ಟರೆ ಕೆಟ್ಟದ್ದೇನಿಲ್ಲ. ‘ಇನ್ನೊಂದು ಐದು ನಿಮಿಷ ಇರಲಿ’ ಎನ್ನುವುದು ಕಡುಬಿನ ಜಾಣತನ, ಮೀನಿನ ಮಟ್ಟಿಗೆ ಅದೇ ಅನಾಹುತ. ಮೀನಿನ ಮಾಂಸದ ಪ್ರೋಟೀನುಗಳು 40-50 ಡಿಗ್ರಿಗೇ ಹೆಪ್ಪುಗಟ್ಟಲು ತೊಡಗುತ್ತವೆ, 60ರ ಹೊತ್ತಿಗೆ ಪದರ ಬಿಚ್ಚುತ್ತದೆ, ಅಲ್ಲಿಂದ ಮೇಲಕ್ಕೆ ಹೋದ ಹಾಗೆ ನಾರು ಹಿಂಡಿಕೊಂಡು ನೀರು ಹೊರಹಾಕುತ್ತದೆ. ಸುತ್ತ ಇರುವುದು 100 ಡಿಗ್ರಿಯ ಹಬೆ. ಹಬೆಯ ಜೋರೂ ಸಾಮಾನ್ಯದ್ದಲ್ಲ. ಕುದಿಯುವ ನೀರಿನ ಒಂದು ಗ್ರಾಂ 60 ಡಿಗ್ರಿಗೆ ಇಳಿಯುವಾಗ ಕೊಡುವುದು 40 ಕ್ಯಾಲೊರಿ; ಒಂದು ಗ್ರಾಂ ಹಬೆ ಮೀನಿನ ಮೈಗೆ ತಾಗಿ ನೀರಾಗುವಾಗ ಅದೊಂದರಿಂದಲೇ 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಮೆತ್ತಗೆ ಕಾಣುವ ಹಬೆ ಕೈ ಸುಟ್ಟರೆ ಅಷ್ಟು ಆಳ ಸುಡುವುದು ಇದಕ್ಕೇ.

ಸರಿಯಾದ ಅಳತೆ ತೂಕವಲ್ಲ, ದಪ್ಪ. ಮಲಗಿಸಿದ ಮೀನಿನ ಅತಿ ದಪ್ಪ ಜಾಗದಲ್ಲಿ ಒಂದಿಂಚಿಗೆ ಎಂಟರಿಂದ ಹತ್ತು ನಿಮಿಷ, ಮೂಳೆವರೆಗೆ ಗೀರಿದ್ದರೆ ಇನ್ನೂ ತುಸು ಕಡಿಮೆ. 400 ಗ್ರಾಮಿನ ಪಾಂಪ್ಲೆಟ್ಟಿಗೆ ಏಳೆಂಟು ನಿಮಿಷ, 500 ಗ್ರಾಮಿನದಕ್ಕೆ ಒಂಬತ್ತು. ಅರ್ಧ ಕೇಜಿಯ ತಾಂಬೋಶಿಗೆ ಹತ್ತು. 600-700 ಗ್ರಾಮಿನ ಚೋಣಕ್‌ಗೆ ಹನ್ನೊಂದು, ಹನ್ನೆರಡು. ಉರಿ ಮೊದಲಿಂದ ಕೊನೆಯವರೆಗೆ ದೊಡ್ಡದೇ. ಆಮೇಲೆ ಉರಿ ಆರಿಸಿ ಮುಚ್ಚಳ ತೆಗೆಯದೆ ಎರಡು ನಿಮಿಷ. ಬಾಳೆಯೆಲೆಯಲ್ಲಿ ಸುತ್ತಿದ್ದರೆ ಮೂರು ನಾಲ್ಕು ನಿಮಿಷ ಸೇರಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಮೀನನ್ನು ಹಾಗೇ ಇಟ್ಟರೆ ಈ ಲೆಕ್ಕಗಳೆಲ್ಲ ಕೆಡುತ್ತವೆ, ಹೊರಗೆ ಒಣಗಿ ಮೂಳೆಯ ಹತ್ತಿರ ಹಸಿ ಉಳಿಯುತ್ತದೆ. ಉಪ್ಪು ಸವರಿ ಹತ್ತು ಹದಿನೈದು ನಿಮಿಷ ಹೊರಗಿಡುವುದರಲ್ಲಿ ಆ ತಣ್ಣಗೂ ಹೋಗುತ್ತದೆ. ಇಲ್ಲಿಯ ಸೆಕೆಗೆ ಅದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬೇಡ.

ಬೆಂದಿತೋ ಎಂದು ತಿಳಿಯಲು ಮೀನಿನ ಕಣ್ಣೇ ಮೊದಲ ಗುರುತು. ಬೆಳ್ಳಗಾಗಿ ಗೋಲಿಯಂತೆ ಹೊರಗೆ ಬಂದಿರುತ್ತದೆ. ಬೆನ್ನಿನ ರೆಕ್ಕೆ ಹಿಡಿದೆಳೆದರೆ ಸಲೀಸಾಗಿ ಕೈಗೆ ಬರಬೇಕು. ಅನುಮಾನವಿದ್ದರೆ ತಲೆಯ ಹಿಂದಿನ ದಪ್ಪ ಜಾಗದಲ್ಲಿ ಮೂಳೆ ತಾಗುವವರೆಗೆ ಚೂರಿ ಇಳಿಸಿ ತುಸು ಎತ್ತಿ. ಮಾಂಸ ಮೂಳೆಯನ್ನು ಬಿಟ್ಟೂ ಬಿಡದ ಹಾಗೆ, ಮೂಳೆಯ ಬಳಿ ಒಂದೆಳೆ ಗುಲಾಬಿ ಕಂಡರೆ ಅದೇ ಉರಿ ಆರಿಸುವ ಹೊತ್ತು, ಉಳಿದದ್ದನ್ನು ಮುಚ್ಚಿಟ್ಟ ಎರಡು ನಿಮಿಷ ನೋಡಿಕೊಳ್ಳುತ್ತದೆ. ಗಾಜಿನಂತೆ ಹಸಿಯಿದ್ದರೆ ಇನ್ನೆರಡು ನಿಮಿಷ ದೊಡ್ಡ ಉರಿ. ಮಾಂಸದ ಬಿರುಕುಗಳಿಂದ ಬಿಳಿ ಮೊಸರಿನಂಥದ್ದು ಉಕ್ಕಿ ನಿಂತಿದ್ದರೆ ಹೊತ್ತು ಮೀರಿದೆ. ಅಂಥ ಮೀನನ್ನು ಬಿಡಿಸಿ, ಕಾಯಿತುರಿ ಹಸಿಮೆಣಸು ಹಾಕಿ ಸುಕ್ಕೆ ಮಾಡಿಬಿಡಿ, ಯಾರಿಗೂ ತಿಳಿಯುವುದಿಲ್ಲ.

ತಾಟಿನ ನೀರು

ಎಲ್ಲರ ಜಗಳ ಇಲ್ಲೇ. ಬೆಂದ ಮೀನಿನ ಸುತ್ತ ತಾಟಿನಲ್ಲಿ ಮಸುಕಾದ ನೀರು ನಿಂತಿರುತ್ತದೆ. ಸಾರಿನ ಮನೆಯಲ್ಲಿ ಬೆಳೆದವರಿಗೆ ಅದನ್ನು ಚೆಲ್ಲು ಎಂದರೆ ಜೀವ ಹೋದಂತೆ: ‘ಅಯ್ಯೋ, ಸತ್ವ ಎಲ್ಲ ಅದ್ರಲ್ಲೇ ಉಂಟು!’ ಲೆಕ್ಕ ಹಾಕಿ ನೋಡೋಣ. ಅರ್ಧ ಕೇಜಿ ಮೀನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಲು ಸುಮಾರು 15,000 ಕ್ಯಾಲೊರಿ ಬೇಕು. ಗ್ರಾಮಿಗೆ 540ರಂತೆ ಅಷ್ಟನ್ನು ಕೊಡಲು 28 ಗ್ರಾಂ ಹಬೆ ಮೀನಿನ ಮೇಲೆ ನೀರಾಗಬೇಕು, ತಾಟು ಕಾಯಲು ಇನ್ನಷ್ಟು. ಅಂದರೆ ಆ ನೀರಿನಲ್ಲಿ ಎರಡು ದೊಡ್ಡ ಚಮಚದಷ್ಟು ಬರೀ ಬಾವಿನೀರು. ಉಳಿದದ್ದು ಮೀನಿನ ರಸ ಹೌದು, ಆದರೆ ಮೂಳೆಯ ಬಳಿಯ ರಕ್ತ, ತೊಳೆಯುವಾಗ ಉಳಿದ ಲೋಳೆ, ವಾಸನೆಯ ಅಮೀನುಗಳು ಕರಗಿ ಇಳಿದಿರುವುದೂ ಅದರಲ್ಲೇ. ಅಂಚು ಎತ್ತರದ ತಾಟು ಬೇಕೆಂದದ್ದು ಇದಕ್ಕೆ: ಮೀನನ್ನು ಅಗಲ ಸೌಟಿನಿಂದ ಹಿಡಿದು ತಾಟು ಓರೆ ಮಾಡಿ ಆ ನೀರನ್ನು ಪೂರ್ತಿ ಬಸಿಯಿರಿ. ಅಡಿಯ ಶುಂಠಿ ಬಿಲ್ಲೆಗಳನ್ನೂ ಎಸೆಯಿರಿ, ಅವುಗಳ ಕೆಲಸ ಮುಗಿದಿದೆ.

ಒಂದು ವಿನಾಯಿತಿ ಇದೆ. ಆಗಷ್ಟೇ ದೋಣಿಯಿಂದಿಳಿದ ನೋಗ್ಲಿಯಾದರೆ, ಐದೇ ನಿಮಿಷ ಬೆಂದಿದ್ದರೆ, ಆ ನೀರನ್ನು ನಾಲಿಗೆಗೆ ಒಂದು ಹನಿ ಮುಟ್ಟಿಸಿ. ಸಿಹಿಯಿದ್ದರೆ ಉಳಿಸಿ.

ಬಸಿದ ಜಾಗಕ್ಕೆ ಹೊಯ್ಯುವ ರಸವನ್ನು ಮೀನು ಹಬೆಯಲ್ಲಿರುವಾಗಲೇ ಸಿದ್ಧ ಮಾಡಿ. ಕಾಲು ಲೋಟ ಬಿಸಿನೀರಿನಲ್ಲಿ ಐದಾರು ಮುರುಗಲು ಸಿಪ್ಪೆ ಹತ್ತು ನಿಮಿಷ ನೆನೆಸಿ ಕಿವುಚಿ ತೆಗೆಯಿರಿ. ಕಡಲೆಯಷ್ಟು ಬೆಲ್ಲ, ಚಿಟಿಕೆ ಉಪ್ಪು. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಈ ಚಿಟಿಕೆಯೂ ಬೇಡ. ನಾಲ್ಕು ತಿರ್ಫಳ, ಒಳಗಿನ ಕಪ್ಪು ಬೀಜ ಬಿಸಾಡಿ ಸಿಪ್ಪೆ ಮಾತ್ರ ಜಜ್ಜಿ ಹಾಕಿ. ಬೀಜ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಕಹಿಯೂ ಹೌದು. ತಿರ್ಫಳವನ್ನು ಎಣ್ಣೆಗೆ ಹಾಕಬೇಡಿ, ಅದರ ಪರಿಮಳ ನೀರಿಗೆ ಬರುವಷ್ಟು ಚೆನ್ನಾಗಿ ಒಗ್ಗರಣೆಗೆ ಬರುವುದಿಲ್ಲ. ಈ ರಸವನ್ನು ಮೀನಿನ ಮೇಲೆ ಹೊಯ್ಯದೆ ಪಕ್ಕದಲ್ಲಿ ತಾಟಿಗೆ ಹೊಯ್ಯಿರಿ. ಮುರುಗಲು ಬಿಳಿ ಮಾಂಸಕ್ಕೆ ಬಿದ್ದರೆ ನೇರಳೆ ಕಲೆ ನಿಲ್ಲುತ್ತದೆ, ತಿನ್ನುವವರಿಗೆ ಮೀನು ಹಳೆಯದೋ ಎಂಬ ಅನುಮಾನ.

ಎತ್ತಿಟ್ಟ ಇನ್ನೊಂದು ಶುಂಠಿಯನ್ನು ಬೆಂಕಿಕಡ್ಡಿಗಿಂತ ಸಪೂರ ಹೆಚ್ಚಿ ಮೀನಿನ ಉದ್ದಕ್ಕೂ ಹರಡಿ, ಮೇಲೆ ಒಂದು ಹಿಡಿ ಕೊತ್ತಂಬರಿ ಸೊಪ್ಪು. ಸಣ್ಣ ಸೌಟಿನಲ್ಲಿ ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ. ಮೇಲ್ಮೈ ಅಲೆಯಾಡತೊಡಗಬೇಕು, ಹೊಗೆ ಏಳಬಾರದು. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ, ಹತ್ತಿರವೇ ನಿಲ್ಲಿ. ಒಂದು ಕಡ್ಡಿ ಶುಂಠಿ ಹಾಕಿ ನೋಡಿದರೆ ಚುಂಯ್ ಎನ್ನಬೇಕು. ಎಣ್ಣೆಯನ್ನು ಶುಂಠಿ ಸೊಪ್ಪಿನ ಮೇಲೆಯೇ ಹನಿಸುತ್ತ ಹೋಗಿ. ಹಬೆಗೆ ಬಾರದ ಪರಿಮಳ ಏಳುವುದು ಈ ಒಂದು ಕ್ಷಣದಲ್ಲಿ. ತಣ್ಣಗಿನ ಎಣ್ಣೆ ಸುರಿದು ಬಿಸಿ ಮೀನಿನ ಕಾವಿಗೆ ಬಿಡುವವರಿದ್ದಾರೆ. ಅದರಲ್ಲಿ ಶುಂಠಿ ಹಸಿಯಾಗಿಯೇ ಉಳಿಯುತ್ತದೆ, ಎಣ್ಣೆ ಬರೀ ಜಿಡ್ಡಾಗುತ್ತದೆ.

ಜೊತೆಗೆ ಕುಚ್ಚಲಕ್ಕಿ ಅನ್ನ, ಗಂಜಿಯಾದರೂ ಸರಿ. ಸೋಲ್ ಕಢಿ ಬೇಡ, ಮುರುಗಲು ಆಗಲೇ ತಾಟಿನಲ್ಲಿದೆ. ಮೇಲಿನ ಬದಿ ತಿಂದು ಮುಗಿದ ಮೇಲೆ ಮೀನನ್ನು ಮಗುಚಬೇಡಿ, ಬಾಲ ಹಿಡಿದು ಬೆನ್ನುಮೂಳೆಯನ್ನು ಹಾಗೇ ಮೇಲಕ್ಕೆತ್ತಿದರೆ ತಲೆಯೂ ಅದರೊಟ್ಟಿಗೆ ಬರುತ್ತದೆ, ಕೆಳಗಿನ ಬದಿ ಮುಳ್ಳಿಲ್ಲದೆ ಸಿಗುತ್ತದೆ. ಕೆನ್ನೆಯ ಎರಡು ಬಿಲ್ಲೆ ಮಾಂಸ ಯಾರಿಗೆಂಬುದು ಮನೆಯವರ ಪಂಚಾಯಿತಿ.

ಕೊನೆಗೆ ಉಳಿಯುವುದು ಪಾತ್ರೆ. ಕಿವುಚಿ ತೆಗೆದ ಮುರುಗಲು ಸಿಪ್ಪೆಯನ್ನು ಎಸೆಯದೆ ಅದೇ ಬಾಣಲೆಗೆ ಹಾಕಿ, ಒಂದು ಲೋಟ ನೀರು ಸೇರಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಕುದಿಸಿ. ಹುಳಿಗೆ ವಾಸನೆ ಬಿಡುತ್ತದೆ, ಬಾಣಲೆ ಸ್ಟೀಲಿನದಾಗಿದ್ದರೆ ಹೊಳೆಯುತ್ತದೆ ಕೂಡ. ಮುಚ್ಚಳಕ್ಕೆ ಕಟ್ಟಿದ ಪಂಚೆ ತುಂಡಿನ ವಾಸನೆ ಮಾತ್ರ ಏನು ಮಾಡಿದರೂ ಹೋಗುವುದಿಲ್ಲ. ಅದನ್ನು ಒಗೆದು, ಅಟ್ಟದ ಮೇಲಿನ ಕಡುಬಿನ ಬಟ್ಟೆಯ ಜೊತೆ ಸೇರಿಸದೆ, ಮೀನಿನ ಬಾಣಲೆಯೊಳಗೇ ಮಡಚಿಡಿ.